ಒಳ್ಳೆಯ ರೂಢಿ: ಜೋಡಣೆ, ಬಳಕೆ, ದುರಸ್ತಿ (ಎರೆನಾಡಿನ ಆವೃತ್ತಿ)

ಮೊದಲು ಇದನ್ನು ಓದಿ

ಒಳ್ಳೆಯ ರೂಢಿಯೊಂದನ್ನು ಮನೆಗೆ ತಂದದ್ದಕ್ಕೆ ಅಭಿನಂದನೆಗಳು. ಡಾಕ್ಟರು ಹೆದರಿಸಿದರೆಂದು ತಂದಿರೋ, ಮಗಳು ಬೆಂಗಳೂರಿನಿಂದ ಫೋನಿನಲ್ಲಿ ಬೈದಳೆಂದು ತಂದಿರೋ, ಯುಗಾದಿಯ ದಿನ ಬೇವು ಕುಡಿದ ಹುರುಪಿನಲ್ಲಿ ತಂದಿರೋ, ಅದು ನಿಮ್ಮ ಖಾಸಗಿ ವಿಚಾರ. ಸಾಧನವಂತೂ ಒಂದೇ.

ಈ ಕೈಪಿಡಿಯನ್ನು ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ತಾಲೂಕುಗಳ ಎರೆಭೂಮಿಯ ಬಳಕೆದಾರರಿಗೆಂದು ಸಿದ್ಧಪಡಿಸಲಾಗಿದೆ. ಕಲಘಟಗಿಯವರು ಅರೆಮಲೆನಾಡಿನ ಮಂದಿ. ಅವರು ‘ಹೊಲ’ ಎಂದಿರುವಲ್ಲಿ ‘ಗದ್ದೆ’ ಎಂದು ಓದಿಕೊಂಡರೆ ಸಾಕು. ಸಾಧನಕ್ಕೆ ಕರೆಂಟು ಬೇಕಿಲ್ಲ. ಹೀಗಾಗಿ ತ್ರೀ ಫೇಸ್ ಯಾವಾಗ ಕೊಡುತ್ತಾರೆ ಎಂದು ಹೆಸ್ಕಾಂ ಆಫೀಸಿಗೆ ಫೋನ್ ಮಾಡುವ ಅಗತ್ಯವೂ ಇಲ್ಲ.

ಪೇಟೆಯಲ್ಲಿ ಇದರದೇ ಇನ್ನೊಂದು ಆವೃತ್ತಿ ಸಿಗುತ್ತದೆ. ಮುಂಜಾನೆ ಐದರ ಅಲಾರಂ, ಬಿಳಿ ಬೂಟು, ಹೆಜ್ಜೆ ಎಣಿಸುವ ಆ್ಯಪ್, ಗೋಡೆಗೆ ಅಂಟಿಸುವ ಪಟ್ಟಿ, ಇವೆಲ್ಲ ಅದರ ಜೊತೆಗೇ ಬರುತ್ತವೆ. ಚೆಂದವಾಗಿರುತ್ತದೆ, ಆದರೆ ನಮ್ಮ ಕಡೆ ಚಾಲೂ ಆಗುವುದಿಲ್ಲ. ಅದನ್ನು ತಯಾರಿಸಿದವರು ಬಳಕೆದಾರನನ್ನು ಯಾರೂ ನೋಡುತ್ತಿಲ್ಲ ಎಂದು ಭಾವಿಸಿದ್ದಾರೆ.

ನಡಿಗೆಯನ್ನೇ ತೆಗೆದುಕೊಳ್ಳಿ. ಊರಿನ ಗಂಡಸು ನಲವತ್ತು ದಾಟುವ ತನಕ ನಡೆದೇ ಇದ್ದ. ಆಮೇಲೆ ಹೊಲದ ದಾರಿಗೂ ಬೈಕು ಬಂತು, ಬೈಕಿನ ಹಿಂದೆ ಬಿ.ಪಿ. ಬಂತು, ಬಿ.ಪಿ. ಹಿಂದೆ ಶುಗರ್ ಬಂತು. ದಿನಾ ಅರ್ಧ ತಾಸು ಅಡ್ಡಾಡಬೇಕೆಂದು ಡಾಕ್ಟರು ಹೇಳಿದರು. ಮರುದಿನ ನಸುಕಿನಲ್ಲಿ ಆತ ಕೈ ಬೀಸಿಕೊಂಡು ಡಾಂಬರು ರಸ್ತೆ ಹಿಡಿದ. ಅಗಸಿ ದಾಟುವುದರೊಳಗೆ ಮೊದಲ ಪ್ರಶ್ನೆ ಬಂತು:

“ಯಾಕ್ರೀ ಕಾಕಾ, ಬಸ್ ತಪ್ಪಿತೇನು?”

“ಇಲ್ಲಪಾ, ಹಂಗ ಅಡ್ಡ್ಯಾಡಾಕ ಹೊಂಟೇನಿ.”

ಇದನ್ನು ಉತ್ತರವೆಂದು ನಮ್ಮ ಕಡೆ ಯಾರೂ ಒಪ್ಪುವುದಿಲ್ಲ. ಎದುರಿಗೆ ಬಂದ ಎರಡನೆಯವನು ಗಾಡಿ ನಿಲ್ಲಿಸಿ “ಹತ್ರಿ, ಬಿಡ್ತೇನಿ” ಎಂದ. ಎಲ್ಲಿಗೆ ಎಂದು ಕೇಳಲಿಲ್ಲ. ಹತ್ತದಿದ್ದಾಗ ಮಾತ್ರ ಮುಖ ಸಪ್ಪಗೆ ಮಾಡಿದ. ಮೂರನೆಯವನು ಏನೂ ಕೇಳದೆ ಸೀದಾ ಕಟ್ಟೆಗೆ ಹೋಗಿ ವರದಿ ಒಪ್ಪಿಸಿದ: “ಮನ್ಯಾಗ ಏನೋ ಆಗೇತಿ. ಮುಂಜಾನೆದ್ದು ರಸ್ತಾ ಹಿಡದಾನ.” ಆ ವಾರ ಮುಗಿಯುವುದರೊಳಗೆ ತವರಿನಿಂದ ಹೆಂಡತಿಯ ಅಣ್ಣ ಬಂದು ಏನು ವಿಷಯ ಎಂದು ವಿಚಾರಿಸಿದ. ನಡಿಗೆ ಅಲ್ಲಿಗೆ ನಿಂತಿತು.

ಇದು ಸಾಧನದ ದೋಷವಲ್ಲ, ಬಳಸಿದ ರೀತಿಯ ದೋಷ. ಬರಿಗೈಯಲ್ಲಿ ನಡೆಯಬಾರದು. ಕೈಯಲ್ಲಿ ಕುಡಗೋಲಿದ್ದರೆ ಒಳ್ಳೆಯದು, ಖಾಲಿ ಚೀಲವಾದರೂ ನಡೆಯುತ್ತದೆ. ಬುತ್ತಿಗಂಟು ಎಲ್ಲಕ್ಕಿಂತ ಉತ್ತಮ. ಬುತ್ತಿ ಹಿಡಿದವನನ್ನು ಎಲ್ಲಿಗೆ ಎಂದು ಈ ಜಿಲ್ಲೆಯಲ್ಲಿ ಯಾರೂ ಕೇಳಿದ್ದಿಲ್ಲ. ನಡೆಯುವುದಕ್ಕೆ ಹೊಲದ ದಾರಿಯನ್ನೇ ಆರಿಸಿಕೊಳ್ಳಿ, ಆದರೆ ಮಳೆ ಹತ್ತಿದ ಮೇಲೆ ಬೇಡ. ಎರೆಮಣ್ಣು ಒಮ್ಮೆ ಚಪ್ಪಲಿಗೆ ಹತ್ತಿತೆಂದರೆ ಹತ್ತು ಹೆಜ್ಜೆಗೆ ಒಂದೊಂದು ಕಾಲೂ ಬೇರೆಯವರ ಕಾಲು ಅನ್ನಿಸತೊಡಗುತ್ತದೆ. ಆ ತಿಂಗಳುಗಳಲ್ಲಿ ಗುಡಿಯ ಸುತ್ತ ಪ್ರದಕ್ಷಿಣೆ ಹಾಕಬಹುದು. ಭಕ್ತಿ ಹೆಚ್ಚಿತು ಎನ್ನುತ್ತಾರೆ, ಎನ್ನಲಿ.

ಪೆಟ್ಟಿಗೆಯೊಳಗಿನ ಸಾಮಾನು

ಎರಡೇ ಇವೆ: ಒಂದು ಗೂಟ, ಕೇಳುವ ಒಂದು ಬಾಯಿ. ‘ಗಟ್ಟಿ ಮನಸ್ಸು’ ಎಂಬ ಮೂರನೆಯ ಭಾಗ ಕಳೆದಿದೆ ಎಂದು ಹಲವರು ದೂರು ಕೊಡುತ್ತಾರೆ. ಅದು ಈ ಮಾದರಿಯಲ್ಲಿ ಮೊದಲಿನಿಂದಲೂ ಇಲ್ಲ. ಗಟ್ಟಿ ಮನಸ್ಸಿನ ಮೇಲೆ ನಡೆಯುವ ಮಾದರಿಯೊಂದು ಮಾರುಕಟ್ಟೆಯಲ್ಲಿದೆ. ಅದನ್ನು ಕೊಂಡವರ ಮನೆಯ ಅಟ್ಟ ಹತ್ತಿ ನೋಡಿದರೆ ಡಂಬೆಲ್ಸ್, ಬರೆಯದ ಡೈರಿ, ಅರ್ಧ ಮುಗಿದ ಇಂಗ್ಲಿಷ್ ಕಲಿಕೆಯ ಪುಸ್ತಕ ಸಿಗುತ್ತವೆ.

ಗೂಟ ಎಂದರೆ ನೀವು ನೆನೆಸಲಿ ಬಿಡಲಿ, ದಿನಾ ತನ್ನಷ್ಟಕ್ಕೆ ನಡೆದೇ ತೀರುವ ಕೆಲಸ. ಹಾಲು ಹಿಂಡುವುದು, ದನಗಳಿಗೆ ನೀರು ತೋರಿಸುವುದು, ಮೊದಲ ಬಸ್ಸು, ಮಸೀದಿಯ ಬಾಂಗು, ಗುಡಿಯ ಗಂಟೆ. ಹೊಸ ರೂಢಿಯನ್ನು ಇವುಗಳಲ್ಲಿ ಯಾವುದಾದರೂ ಒಂದಕ್ಕೆ ಬಿಗಿಯಬೇಕು. ‘ಟೈಮ್ ಸಿಕ್ಕಾಗ’ ಎಂಬುದು ಗೂಟವಲ್ಲ. ‘ಅಮಾಸಿ ಆಗಲಿ’ ಎಂಬುದೂ ಅಲ್ಲ. ಅಮಾವಾಸ್ಯೆ ತಪ್ಪದೆ ಬರುತ್ತದೆ ನಿಜ, ಆದರೆ ಯಾವ ಅಮಾವಾಸ್ಯೆ ಎಂದು ನೀವು ಹೇಳಿರುವುದಿಲ್ಲ.

ಈ ಭಾಗದಲ್ಲಿ ದೊರೆಯುವ ಗೂಟಗಳಲ್ಲಿ ಅತಿ ಗಟ್ಟಿಯಾದದ್ದು ರೊಟ್ಟಿ. ಜೋಳದ ರೊಟ್ಟಿ ಬಡಿಯುವ ಹೆಂಗಸನ್ನು ಒಮ್ಮೆ ಹತ್ತಿರದಿಂದ ನೋಡಿ. ಹಿಟ್ಟಿಗೆ ಎಸರು ಹಾಕಿ ನಾದಿ ಉಂಡೆ ಕಟ್ಟುವ ತನಕ ಆಕೆಯ ಕಣ್ಣು ಅಲ್ಲಿರುತ್ತದೆ. ಬಡಿಯತೊಡಗಿದ ಮೇಲೆ ಕೈಗೆ ಆಕೆಯ ಅಪ್ಪಣೆ ಬೇಕಿಲ್ಲ. ಅಂಗೈ ಬಡಿಯುತ್ತದೆ, ಬೆರಳು ತಿರುಗಿಸುತ್ತವೆ, ಅಂಚು ತನ್ನಷ್ಟಕ್ಕೆ ಗುಂಡಗಾಗುತ್ತದೆ. ರೊಟ್ಟಿ ಹಂಚಿಗೆ ಬೀಳುತ್ತದೆ, ಒದ್ದೆ ಅರಿವೆ ಮೈಮೇಲೆ ಒಂದು ಸಲ ಓಡುತ್ತದೆ, ಮಗುಚಿದೊಡನೆ ಉಬ್ಬುತ್ತದೆ. ಇಷ್ಟರ ನಡುವೆ ಬಾಯಿ ಸೊಸೆಗೆ ಹಾಲಿನ ಲೆಕ್ಕ ಹೇಳುತ್ತಿರುತ್ತದೆ, ಕಿವಿ ಓಣಿಯಲ್ಲಿ ಯಾರದೋ ಜಗಳ ಕೇಳುತ್ತಿರುತ್ತದೆ. ಇಷ್ಟು ಪಳಗಿದ ಕೆಲಸ ಮನೆಯಲ್ಲಿ ದಿನಾ ನಡೆಯುತ್ತಿರುವಾಗ ಮೊಬೈಲಿನ ಟಿಂಗ್ ಶಬ್ದವನ್ನು ಯಾಕೆ ನಂಬಬೇಕು?

ಜೋಡಿಸುವ ಕ್ರಮ ಹೀಗೆ. ಆಯಿಯ ಬಿ.ಪಿ. ಗುಳಿಗೆ ಈಗ ದೇವರ ಮಾಡದಲ್ಲಿದೆ, ವಿಭೂತಿ ಕರಡಿಗೆಯ ಹಿಂದೆ. ಆಶಾ ಕಾರ್ಯಕರ್ತೆ ಬಂದು “ಗುಳಗಿ ತಗೊಂಡೀರೇನ್ರಿ ಆಯಿ?” ಎಂದಾಗೆಲ್ಲ ಆಯಿ “ಹೂನವಾ” ಎನ್ನುತ್ತಾಳೆ, ಚೀಟಿಯಲ್ಲಿ ಗುಳಿಗೆ ಮಾತ್ರ ಹಾಗೇ ಇವೆ. ಆ ಗುಳಿಗೆ ಚೀಟಿಯನ್ನು ರೊಟ್ಟಿ ಬುಟ್ಟಿಯೊಳಗೆ, ಹಾಸಿದ ಅರಿವೆಯ ಮೇಲೆ ಇಡಿ. ಮೊದಲ ರೊಟ್ಟಿ ಹಂಚಿನಿಂದ ಇಳಿದಾಗ ಬುಟ್ಟಿಗೆ ಹಾಕಬೇಕೆಂದರೆ ಚೀಟಿಯನ್ನು ಎತ್ತಲೇಬೇಕು. ಎತ್ತಿದ ಕೈ ಒಂದು ಗುಳಿಗೆಯನ್ನು ಒತ್ತಿ ತೆಗೆಯುತ್ತದೆ. ನೆನಪು ಮಾಡಿಕೊಳ್ಳುವ ಕೆಲಸವೇ ಇಲ್ಲ. ಚೀಟಿ ದಾರಿಗೆ ಅಡ್ಡ ಕೂತಿದೆ, ಅಷ್ಟೇ. ಓದಬೇಕಾದ ಪುಸ್ತಕವನ್ನು ಟಿ.ವಿ. ರಿಮೋಟಿನ ಮೇಲೆ, ಕಟ್ಟಬೇಕಾದ ಉಳಿತಾಯದ ಹಣವನ್ನು ಸಂತೆ ಚೀಲದ ತಳದಲ್ಲಿ ಇಡುವುದೂ ಇದೇ ಲೆಕ್ಕ.

ಗೂಟ ಆರಿಸುವಾಗ ಅದರ ಆಯುಷ್ಯವನ್ನೂ ವಿಚಾರಿಸಿ. ಉತ್ತರ ಕರ್ನಾಟಕದ ಒಕ್ಕಲಿಗರು ಸೋಮವಾರ ಎತ್ತು ಹೂಡುವುದಿಲ್ಲ. ಅದು ಬಸವಣ್ಣನ ವಾರ. ಎತ್ತು ಅಂದು ಕೊಟ್ಟಿಗೆಯಲ್ಲಿ ನಿಂತು ಮೇವು ತಿನ್ನುತ್ತದೆ. ಯಾವ ಇಲಾಖೆಯೂ ಸುತ್ತೋಲೆ ಹೊರಡಿಸಲಿಲ್ಲ, ಯಾರೂ ದಂಡ ಹಾಕಲಿಲ್ಲ. ಆದರೂ ಬಿತ್ತಿಗೆಯ ಹದ ಕೈ ಮೀರುತ್ತಿದ್ದಾಗಲೂ ತಲೆಮಾರುಗಳ ಕಾಲ ಈ ರೂಢಿ ನಿಂತಿತು. ಎತ್ತಿಗೆ ವಾರಕ್ಕೊಂದು ದಿನ ವಿಶ್ರಾಂತಿ ಸಿಕ್ಕಿತು, ಒಕ್ಕಲಿಗನಿಗೆ ಸಂತೆ, ಬೀಗರ ಊರು, ಮಠ, ಭಜನೆಗೆ ಬಿಡುವು ಸಿಕ್ಕಿತು. ನನ್ನ ಮಟ್ಟಿಗೆ ಈ ಜಿಲ್ಲೆಯ ಜನ ಕಟ್ಟಿದ ರೂಢಿಗಳಲ್ಲಿ ಇದರಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ. ಆಮೇಲೆ ಟ್ರ್ಯಾಕ್ಟರ್ ಬಂತು. ಬಾಡಿಗೆ ಟ್ರ್ಯಾಕ್ಟರು ತಾಸಿನ ಲೆಕ್ಕದಲ್ಲಿ ಸಿಗುತ್ತದೆ. ಅದು ಬಂದ ದಿನವೇ ನಮಗೆ ಹದ, ಅದು ಸೋಮವಾರವಾಗಿದ್ದರೂ. ಸೋಮವಾರವನ್ನು ಕಟ್ಟಿದ್ದು ಎತ್ತಿಗೆ. ಎತ್ತು ಮಾರಿದ ಮನೆಗಳಲ್ಲಿ ವಾರವೂ ಅದರ ಹಿಂದೆಯೇ ದನದ ಸಂತೆಗೆ ಹೋಯಿತು.

ಎಷ್ಟು ದಿನ ನಡೆಸಿದರೆ ಹತ್ತುತ್ತದೆ?

ಬಳಕೆದಾರರು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ‘21 ದಿನ’ ಎಂಬ ಉತ್ತರ ವಾಟ್ಸಾಪಿನಲ್ಲಿ ಸೂರ್ಯೋದಯದ ಚಿತ್ರದೊಂದಿಗೆ ಬಂದಿರುತ್ತದೆ. ಅದರ ಮೂಲ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್. ಶಸ್ತ್ರಚಿಕಿತ್ಸೆಯಾದ ರೋಗಿಗಳು ಕನ್ನಡಿಯಲ್ಲಿ ತಮ್ಮ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆಯೆಂದರೂ ಸುಮಾರು 21 ದಿನ ಬೇಕು ಎಂದು 1960ರ ಪುಸ್ತಕವೊಂದರಲ್ಲಿ ಆತ ಬರೆದ. ಅಮೆರಿಕದಿಂದ ಅಣ್ಣಿಗೇರಿಗೆ ಬರುವ ದಾರಿಯಲ್ಲಿ ‘ಕಡಿಮೆಯೆಂದರೂ’ ಎಲ್ಲೋ ಬಿದ್ದುಹೋಯಿತು, ಮೂಗಿನ ಮಾತು ನಡಿಗೆಗೆ ಹತ್ತಿಕೊಂಡಿತು.

ಇದಕ್ಕಿಂತ ನಂಬಬಹುದಾದ ಲೆಕ್ಕ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರದು. 96 ಜನರಿಗೆ ತಿನ್ನುವುದು, ಕುಡಿಯುವುದು ಇಲ್ಲವೆ ಮೈ ದಣಿಸುವುದರಲ್ಲಿ ಒಂದು ಕೆಲಸವನ್ನು ಆರಿಸಿಕೊಳ್ಳಿ, ‘ನಾಷ್ಟಾ ಆದ ಮೇಲೆ’ ಎಂಬಂಥ ದಿನನಿತ್ಯದ ಒಂದು ಹೊತ್ತಿಗೆ ಅದನ್ನು ಕಟ್ಟಿಕೊಳ್ಳಿ ಎಂದರು. 84 ದಿನ ನೋಡಿದರು. ಕೆಲಸ ತನ್ನಷ್ಟಕ್ಕೆ ನಡೆಯುವ ಮಟ್ಟ ಮುಟ್ಟಲು ಒಬ್ಬರಿಗೆ 18 ದಿನ ಸಾಕಾಯಿತು. ಇನ್ನೊಬ್ಬರ ಲೆಕ್ಕವನ್ನು ಮುಂದಕ್ಕೆ ಚಾಚಿ ನೋಡಿದರೆ 254 ದಿನ ಬೇಕಿತ್ತು. ನಡುವಿನ ಅಂಕಿ 66. ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ಹತ್ತಿತು, ವ್ಯಾಯಾಮ ತಡವಾಯಿತು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ.

66 ದಿನ ಎಂದರೆ ನಮ್ಮ ಬಳಕೆದಾರರಿಗೆ ತಕ್ಷಣ ಅರ್ಥವಾಗಬೇಕು: ಅದು ಹೆಸರಿನ ಬೆಳೆ. ಮುಂಗಾರಿಗೆ ಬಿತ್ತಿದ ಹೆಸರು 65ರಿಂದ 70 ದಿನಕ್ಕೆ ಬುಡ್ಡಿ ಬಿಡಿಸಲು ಬರುತ್ತದೆ. ಮೊದಲ ಹದಿನೈದು ದಿನ ಹೊಲದಲ್ಲಿ ಬೆಳೆಗಿಂತ ಮಣ್ಣೇ ಹೆಚ್ಚು ಕಾಣುತ್ತದೆ. ಆಗ ಹೊಲ ಹರಗಿದವನನ್ನು ನಾವು ಮೂರ್ಖ ಎನ್ನುತ್ತೇವೆ. ಆದರೆ ರೂಢಿಯನ್ನು ಮಾತ್ರ ಹದಿನೈದನೆಯ ದಿನಕ್ಕೇ ಹರಗಿಬಿಡುತ್ತೇವೆ, ಏನೂ ಫರಕು ಕಾಣಲಿಲ್ಲವೆಂದು. ಇನ್ನೊಂದು ಅಪಾಯ ಕೊನೆಯಲ್ಲಿದೆ. ಹೆಸರು ಕೆಡುವುದು ಬಿತ್ತಿದಾಗಲ್ಲ, ಕೈಗೆ ಬಂದಾಗ. ಬುಡ್ಡಿ ಒಣಗುವ ಹೊತ್ತಿಗೆ ಜಡಿಮಳೆ ಹಿಡಿದು ಗಿಡದ ಮೇಲೆಯೇ ಕಾಳು ಮೊಳಕೆ ಒಡೆದದ್ದನ್ನು ನವಲಗುಂದದವರಿಗೆ ಯಾರೂ ಹೊಸದಾಗಿ ಹೇಳಬೇಕಿಲ್ಲ. ರೂಢಿಯೂ ಅರವತ್ತರ ಆಸುಪಾಸಿನಲ್ಲಿ, ‘ಇನ್ನೇನು ಹತ್ತಿತು’ ಎಂದು ಮೈ ಸಡಿಲ ಬಿಟ್ಟಾಗ, ಒಂದು ಮದುವೆ ಊಟಕ್ಕೋ ಬೀಗರ ಒತ್ತಾಯಕ್ಕೋ ಸಿಕ್ಕಿ ಹೋಗುತ್ತದೆ. ಗೆದ್ದು ಬಂದರೆ ಲಾಭ ಒಂದೇ ಬೆಳೆಗೆ ನಿಲ್ಲುವುದಿಲ್ಲ. ಹೆಸರು ತೆಗೆದ ಹೊಲದಲ್ಲಿ ಹಿಂಗಾರಿ ಜೋಳವೂ ಚೆನ್ನಾಗಿ ಏಳುತ್ತದೆ.

ಪಂಚಾಂಗದ ಪ್ರಕಾರ ಬೇಕೆನ್ನುವವರಿಗೆ: 66 ದಿನ ಎಂದರೆ ಎರಡು ಅಮಾವಾಸ್ಯೆ, ಮೇಲೆ ಒಂದು ವಾರ. ಶ್ರಾವಣದ ಪಾಡ್ಯಕ್ಕೆ ಸಾಧನವನ್ನು ಚಾಲೂ ಮಾಡಿದರೆ ನವರಾತ್ರಿಯ ಏಳನೆಯ ದಿನಕ್ಕೆ ಲೆಕ್ಕ ಮುಗಿಯುತ್ತದೆ; ನಡುವೆ ಅಧಿಕಮಾಸ ಬಂದರೆ ಹಬ್ಬಕ್ಕೆ ಮೊದಲೇ ಮುಗಿಯುತ್ತದೆ. ಶ್ರಾವಣದಲ್ಲಿ ಚಾಲೂ ಮಾಡುವುದು ನಮ್ಮವರಿಗೆ ಗೊತ್ತೇ ಇದೆ. ಊರಿಗೆ ಊರೇ ಕುಡಿತ ಬಿಡುತ್ತದೆ, ಕೋಳಿಗಳು ನಿಶ್ಚಿಂತೆಯಿಂದ ಓಣಿಯಲ್ಲಿ ತಿರುಗುತ್ತವೆ, ಸಂಜೆಯಾದರೆ ಮಠದಲ್ಲಿ ಪುರಾಣ. ತೊಡಕು ಏನೆಂದರೆ ಎಲ್ಲರೂ ಕೂಡಿ ಶುರು ಮಾಡಿದ್ದನ್ನು ಎಲ್ಲರೂ ಕೂಡಿಯೇ ನಿಲ್ಲಿಸುತ್ತಾರೆ. ಪುರಾಣದ ಮಂಗಲವಾಗಿ ಪ್ರಸಾದವಾಯಿತೆಂದರೆ, ಶ್ರಾವಣ ಮುಗಿದ ಮರುದಿನದ ಉತ್ಸಾಹ ಅದರ ಮೊದಲ ದಿನದ ಭಕ್ತಿಯನ್ನೂ ಮೀರಿಸುತ್ತದೆ. ಮೂವತ್ತು ದಿನ ಅರ್ಧ ಬೆಳೆಯೂ ಅಲ್ಲ. ಬನ್ನಿ ಕೊಟ್ಟು “ಬಂಗಾರದಂಗ ಇರೂಣು” ಎನ್ನುವ ದಿನದ ತನಕ ಎಳೆದರೆ ಎರಡು ಮೂರು ದಿನ ಹೆಚ್ಚೇ ಆಗುತ್ತದೆ. ಯಾವುದಾದರೂ ಮಠದವರು ಪುರಾಣದ ಮಂಗಲವನ್ನು ದಸರೆಗೆ ಒಯ್ಯುವ ಮನಸ್ಸು ಮಾಡಿದರೆ ಈ ಅಧ್ಯಾಯವೇ ಬೇಕಾಗುವುದಿಲ್ಲ.

ಕೇಳುವ ಬಾಯಿಯನ್ನು ಜೋಡಿಸುವುದು

ಗೂಟವೊಂದರಿಂದಲೇ ಗುಳಿಗೆ, ನೀರು, ಪುಸ್ತಕದಂಥ ಸಣ್ಣ ರೂಢಿಗಳು ನಡೆಯುತ್ತವೆ. ಹಣ, ಕುಡಿತ, ತಂಬಾಕುಗಳ ವಿಷಯಕ್ಕೆ ಬಂದರೆ ಎರಡನೆಯ ಭಾಗವನ್ನೂ ಹಾಕಲೇಬೇಕು. ತಪ್ಪಿದ ದಿನ ‘ಯಾಕೆ?’ ಎಂದು ಕೇಳುವವರು ಬೇಕು.

ಈ ಭಾಗವನ್ನು ಚೆನ್ನಾಗಿ ಅರಿತಿದ್ದವರು ಇಳಕಲ್ಲಿನ ಮಹಾಂತ ಸ್ವಾಮಿಗಳು. 1975ರಲ್ಲಿ ಅವರು ಜೋಳಿಗೆ ಹಿಡಿದು ಹೊರಟರು. ಸ್ವಾಮಿಗಳ ಜೋಳಿಗೆಗೆ ಜೋಳ, ಕಾಣಿಕೆ ಹಾಕುವುದು ಎಲ್ಲರಿಗೂ ಗೊತ್ತಿತ್ತು. ಇವರು ಕೇಳಿದ್ದು ನಿಮ್ಮ ಚಟ ಹಾಕಿರಿ ಎಂದು. ಬೀಡಿ ಕಟ್ಟು, ತಂಬಾಕಿನ ಚೀಟು ಜೋಳಿಗೆಗೆ ಬಿದ್ದವು. ಮಹಾಂತ ಜೋಳಿಗೆ ಎಂಬ ಹೆಸರೇ ನಿಂತಿತು, ಅವರ ಹುಟ್ಟಿದ ದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸುತ್ತಾರೆ. ಇದರಲ್ಲಿನ ಜಾಣ್ಮೆ ನೋಡಿ. ‘ಬಿಟ್ಟೆ’ ಎಂದು ಮನಸ್ಸಿನೊಳಗೆ ಅಂದುಕೊಂಡರೆ ನಾಳೆ ಹಿಡಿಯಲು ಯಾರ ಅಪ್ಪಣೆಯೂ ಬೇಡ. ಓಣಿಯ ಎದುರಿಗೆ ಸ್ವಾಮಿಗಳ ಜೋಳಿಗೆಗೆ ಹಾಕಿದ ಮೇಲೆ ಅದು ಕೊಟ್ಟ ವಸ್ತು. ಕೊಟ್ಟದ್ದನ್ನು ವಾಪಸು ಕೇಳುವ ಮುಖ ಈ ನಾಡಿನಲ್ಲಿ ಯಾರಿಗೂ ಇಲ್ಲ.

ಧರ್ಮಸ್ಥಳದ ಯೋಜನೆಯವರು ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಎಂಟು ದಿನದ ಶಿಬಿರದ ಫೋಟೋ ಪೇಪರಿನಲ್ಲಿ ಬರುತ್ತದೆ. ಕೆಲಸ ಮಾಡುವುದು ಫೋಟೋ ಬಾರದ ಭಾಗ: ಶಿಬಿರ ಮುಗಿದ ಮೇಲೆ ಕುಡಿತ ಬಿಟ್ಟವರೇ ಕೂಡುವ ನವಜೀವನ ಸಮಿತಿಯ ವಾರದ ಸಭೆ. ಸಭೆಗೆ ಬಾರದವನ ಕುರ್ಚಿ ಖಾಲಿ ಕಾಣುತ್ತದೆ, ಯಾಕೆ ಎಂದು ಕೇಳಲು ಒಬ್ಬರು ಮನೆಗೇ ಬರುತ್ತಾರೆ.

ಹೆಂಗಸರ ಸಂಘಗಳ ಕೆಲಸ ಇನ್ನೂ ಸರಳ. ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗವನ್ನು ನಬಾರ್ಡ್ 1992ರಲ್ಲಿ ಆರಂಭಿಸಿತು, 2000-01ರಲ್ಲಿ ಸ್ತ್ರೀಶಕ್ತಿ ಸಂಘಗಳು ಹಳ್ಳಿ ಹಳ್ಳಿಗೆ ಬಂದವು. ವಾರಕ್ಕೊಮ್ಮೆ ಯಾರದಾದರೂ ಪಡಸಾಲೆಯಲ್ಲಿ ಕೂಡಬೇಕು, ಪುಸ್ತಕ ತೆರೆಯಬೇಕು, ನಿಗದಿಯಾದ ಸಣ್ಣ ಮೊತ್ತ ಇಡಬೇಕು. ಗಂಡಸರು ನಕ್ಕರು: “ಹತ್ತ ರೂಪಾಯಿದಾಗ ಏನ ಕೋಟೆ ಕಟ್ಟತೀರಿ?” ಹತ್ತು ರೂಪಾಯಿ ಉಳಿಸುವುದು ಕಷ್ಟವಲ್ಲ, ಪ್ರತಿವಾರ ಉಳಿಸುವುದು ಕಷ್ಟ. ಅದನ್ನು ಸುಲಭ ಮಾಡಿದ್ದು ಬ್ಯಾಂಕಲ್ಲ. “ಹಿಂದಿನ ವಾರದ್ದೂ ಬಾಕಿ ಐತಿ ನೋಡ ಯಕ್ಕಾ” ಎಂದು ಎಲ್ಲರೆದುರಿಗೆ ಹೇಳುವ ಪುಸ್ತಕ ಬರೆಯುವಾಕೆ. ಅದೇ ಹೊತ್ತಿನಲ್ಲಿ ಅದೇ ಊರಿನ ಗಂಡಸರು ಬರೀ ಮನಸ್ಸು ಗಟ್ಟಿ ಮಾಡಿ ಎಷ್ಟು ಉಳಿಸಿದರು ಎಂಬ ಅಂಕಿ ಈ ಕೈಪಿಡಿಗೆ ಬೇಡ.

ಎಚ್ಚರಿಕೆ: ಈ ಭಾಗವನ್ನು ಹದ ಮೀರಿ ಬಿಗಿಯಬಾರದು. ಅದೇ ಪಡಸಾಲೆಗೆ ಮೈಕ್ರೋಫೈನಾನ್ಸಿನವರ ವಾರದ ಕಂತು ಬಂದಾಗ, ಕೇಳುವ ಬಾಯಿ ಬಾಗಿಲಲ್ಲಿ ನಿಂತು ಅವಮಾನ ಮಾಡತೊಡಗಿತು. ಮನೆ ಬಿಟ್ಟು ಹೋದವರ ಸುದ್ದಿಗಳು ಬಂದ ಮೇಲೆ ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆ ತರಬೇಕಾಯಿತು. ತಪ್ಪಿದವನಿಗೆ ಮುಂದಿನ ವಾರ ಮತ್ತೆ ಸಭೆಗೆ ಬರಬೇಕೆನ್ನಿಸುವಷ್ಟೇ ಬಿಗಿ ಇರಲಿ.

ಇನ್ನೊಂದು ಎಚ್ಚರಿಕೆ ಕಟ್ಟೆಯ ಬಗ್ಗೆ. ಕಟ್ಟೆಯ ಮೇಲೆ ಕೂತವರೂ ಕೇಳುತ್ತಾರೆ, ಆದರೆ ಆ ಬಾಯಿಯ ದಿಕ್ಕು ತಿರುವು ಮುರುವು. ನೀವು ತಪ್ಪಿದಾಗ ಸುಮ್ಮನಿರುತ್ತಾರೆ, ನಡೆಸಿದಾಗ ಕಾಡುತ್ತಾರೆ. “ಭಾಳ ದೊಡ್ಡ ಮನಶ್ಯಾ ಆಗೀಪಾ, ನಮ್ಮ ಕೂಡ ಚಾನೂ ಕುಡಿಯಂಗಿಲ್ಲ” ಎಂಬ ಒಂದೇ ಮಾತಿಗೆ ಸಕ್ಕರೆ ಬಿಟ್ಟವರು ಎರಡು ಚಮಚೆ ಹಾಕಿಸಿಕೊಂಡು ಕುಡಿದದ್ದುಂಟು. ಇಲ್ಲಿ ‘ಬಿಟ್ಟೇನಿ’ ಎನ್ನಬೇಡಿ; ಅದು ವಾದಕ್ಕೆ ಕರೆದಂತೆ. ‘ಡಾಕ್ಟರು ಬ್ಯಾಡ ಅಂದಾರ’ ಎಂದರೆ ಅರ್ಧ ವಾದ ನಿಲ್ಲುತ್ತದೆ, ಅವರಿಗೆ ಗೊತ್ತಿರುವ ಇನ್ನೊಬ್ಬ ಡಾಕ್ಟರ ಹೆಸರು ಬರುತ್ತದೆ. ‘ಹರಕಿ ಐತಿ’ ಎಂದರೆ ಪೂರ್ತಿ ನಿಲ್ಲುತ್ತದೆ. ಯಾವ ದೇವರಿಗೆ ಎಂದು ಕೇಳಿದರೆ ಎದ್ದು ಬನ್ನಿ.

ಹೆಚ್ಚಿನ ಸಾಮರ್ಥ್ಯದ ಮಾದರಿ

ಎರಡೂ ಭಾಗಗಳನ್ನು ಪೂರ್ತಿ ಬಿಗಿದರೆ ಸಾಧನ ಎಲ್ಲಿಯವರೆಗೆ ಹೋಗಬಲ್ಲದು ಎಂದು ತಿಳಿಯಬಯಸುವವರು ಕುಂದಗೋಳ ಸ್ಟೇಷನ್ನಿನಲ್ಲಿ ಇಳಿಯಬೇಕು. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರು (1886–1952) ನಾಟಕ ಕಂಪನಿಗಳ ತಿರುಗಾಟ ಮುಗಿಸಿ ಈ ಊರಿನಲ್ಲಿ ನೆಲೆಸಿದರು. 1930ರ ದಶಕದ ಕೊನೆಯ ಹೊತ್ತಿಗೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಬಂದು, ಪಾಠ ಹೇಳಿಸಿಕೊಂಡು ಮತ್ತೆ ರೈಲಿಗೇ ಮರಳುತ್ತಿದ್ದರು. ಮನೆ, ಮಕ್ಕಳು, ಕಛೇರಿ, ಹಣದ ತಾಪತ್ರಯ ಎಲ್ಲ ಇದ್ದವರು. ಹಾಡುವ ಮನಸ್ಸು ದಿನಾ ಒಂದೇ ಹದದಲ್ಲಿ ಇದ್ದಿತು ಎಂದು ನಾನಂತೂ ನಂಬುವುದಿಲ್ಲ. ರೈಲು ಮಾತ್ರ ತನ್ನ ವೇಳೆಗೆ ಇತ್ತು. ಮನಸ್ಸು ಬಂದಾಗ ಹಾಡುವವನಿಗೆ ರೈಲು ತಪ್ಪುತ್ತದೆ. ಆಚೆ ದಡದಲ್ಲಿ ಕೇಳುವ ಬಾಯಿಯಾಗಿ ಗುರು ಕೂತಿದ್ದರು, ನಿನ್ನೆ ಕೊಟ್ಟ ಪಲುಕನ್ನು ಇವತ್ತು ಒಪ್ಪಿಸಬೇಕು.

ಅದೇ ಕಾಲದಲ್ಲಿ ಅದೇ ಮನೆಯಲ್ಲಿ ಭೀಮಸೇನ ಜೋಶಿ ಎಂಬ ಹುಡುಗನಿದ್ದ. ಹಾಡು ಕಲಿಯಬೇಕೆಂದು ಹನ್ನೊಂದನೆಯ ವಯಸ್ಸಿಗೇ ಮನೆ ಬಿಟ್ಟು ಊರೂರು ಅಲೆದು ಬಂದವನು, ಗುರುಗಳ ಮನೆಗೆ ನೀರು ಹೊರುತ್ತಿದ್ದ. ಕೊಡ ಹೊತ್ತದ್ದರಿಂದಲೇ ಆತ ಭೀಮಸೇನ ಜೋಶಿಯಾದ ಎಂದು ಭಾಷಣ ಮಾಡುವವರಿದ್ದಾರೆ. ಹಾಗಿದ್ದರೆ ನಮ್ಮ ತಾಲೂಕುಗಳ ಹೆಣ್ಣುಮಕ್ಕಳೆಲ್ಲ ಭಾರತರತ್ನರಾಗಬೇಕಿತ್ತು. ನೀರು ಹೊರುವ ಹುಡುಗನ ಕಿವಿಗೆ ದಿನವೆಲ್ಲ ಹಾಡು ಬೀಳುತ್ತಿತ್ತು, ತಪ್ಪಿಸಿಕೊಂಡು ಹೋಗಲು ಬೇರೆ ಮನೆ ಇರಲಿಲ್ಲ. ಅದು ಈ ಮಾದರಿಯ ವಿಶೇಷ. ಮನೆಯಲ್ಲಿ ಪ್ರಯೋಗಿಸಬಾರದು, ಮಕ್ಕಳನ್ನು ನೀರಿಗೆ ಹಚ್ಚಿ ರೀಲ್ಸ್ ನೋಡುತ್ತ ಕೂತರೆ ಅವರೂ ರೀಲ್ಸನ್ನೇ ಕಲಿಯುತ್ತಾರೆ.

ದೋಷ ಮತ್ತು ದುರಸ್ತಿ

ಒಂದು ದಿನ ತಪ್ಪಿತು ಎಂದು ಪೂರ್ತಿ ಬಿಚ್ಚಿ ಹೊಸದಾಗಿ ಜೋಡಿಸಬೇಡಿ. ಎಡೆ ಹೊಡೆಯುವಾಗ ನಾಲ್ಕು ಗಿಡ ಮುರಿದವೆಂದು ಯಾರೂ ಹೊಲ ಹರಗುವುದಿಲ್ಲ. ಮರುದಿನ ಅದೇ ರೊಟ್ಟಿ, ಅದೇ ಬುಟ್ಟಿ. ಎರಡು ದಿನ ತಪ್ಪಿದರೆ ಗೂಟ ಅಲುಗಿದೆಯೇ ನೋಡಿ. ಸೊಸೆ ತವರಿಗೆ ಹೋಗಿರಬಹುದು, ರೊಟ್ಟಿ ಖಾನಾವಳಿಯಿಂದ ಬರುತ್ತಿರಬಹುದು.

ಸಾಧನ ನಡೆಯುತ್ತಿದೆ, ಆದರೆ ಸದ್ದು ಬಹಳ ಎಂಬ ದೂರು ಮನೆಯ ಇತರ ಸದಸ್ಯರಿಂದ ಬರುತ್ತದೆ. ನಸುಕಿನಲ್ಲಿ ಏಳುವ ರೂಢಿ ಮಾಡಿಕೊಂಡವರು ಇಡೀ ಮನೆಯನ್ನು ಎಬ್ಬಿಸಿ “ಇನ್ನೂ ಮಲ್ಕೊಂಡೀರೇನು?” ಎನ್ನತೊಡಗಿದಾಗ ಈ ಸದ್ದು ಹುಟ್ಟುತ್ತದೆ. ಎಣ್ಣೆ ಹಾಕಿ ಪ್ರಯೋಜನವಿಲ್ಲ. ಅಂಥವರನ್ನು ಒಂದೆರಡು ದಿನ ಮಗಳ ಮನೆಗೆ ಕಳಿಸಿ, ಅಲ್ಲಿ ಅಳಿಯ ಒಂಬತ್ತಕ್ಕೆ ಏಳುತ್ತಾನೆ.

ಒಂದೇ ಸಲ ಐದು ರೂಢಿ ಜೋಡಿಸಿದವರ ದೂರುಗಳನ್ನು ಸ್ವೀಕರಿಸುವುದಿಲ್ಲ.

ವಾರಂಟಿ

ಕಲಘಟಗಿಯ ಅರಗಿನ ಬಣ್ಣದ ತೊಟ್ಟಿಲಿಗೆ ಅಂಗಡಿಯವರು ವಾರಂಟಿ ಕಾರ್ಡು ಕೊಡುವುದಿಲ್ಲ. ಅಪ್ಪ ಮಲಗಿದ ತೊಟ್ಟಿಲಲ್ಲಿ ಮಗ, ಮಗ ಮಲಗಿದ ತೊಟ್ಟಿಲಲ್ಲಿ ಮೊಮ್ಮಗ ಮಲಗಿರುತ್ತಾರೆ, ಕಾರ್ಡನ್ನು ಯಾರೂ ಕೇಳಿರುವುದಿಲ್ಲ. ಈ ಸಾಧನಕ್ಕೂ ಕಾರ್ಡಿಲ್ಲ. ಕೆಳಗಿನ ಸಂದರ್ಭಗಳಲ್ಲಿ ಮಾತ್ರ ಕಂಪನಿ ಜವಾಬ್ದಾರಿಯಲ್ಲ: ಚುನಾವಣೆಯ ವಾರ, ಬೀಗರ ಊಟ, ಬೆಣ್ಣೆಹಳ್ಳದ ನೆರೆ, ಮೆಣಸಿನಕಾಯಿಗೆ ಚಿನ್ನದ ದರ ಬಂದ ವರ್ಷ. ಸಾಧನವನ್ನು ತಮಗಾಗಿ ಬಳಸದೆ ತಮ್ಮನಿಗೆ, ನೆರೆಯವರಿಗೆ ಅಥವಾ ಹೊಸ ಅಳಿಯನಿಗೆ ಬುದ್ಧಿ ಹೇಳಲು ಬಳಸಿದ್ದು ಕಂಡುಬಂದರೆ ದುರಸ್ತಿಗೆ ತೆಗೆದುಕೊಳ್ಳುವುದಿಲ್ಲ. ಉಳಿದ ದೂರುಗಳಿದ್ದರೆ ಸಂಘದ ಸಭೆಯ ದಿನ ಪಡಸಾಲೆಗೆ ಬಂದು ಪುಸ್ತಕ ಬರೆಯುವಾಕೆಗೆ ಹೇಳಬೇಕು, ಬರುವಾಗ ಹಿಂದಿನ ವಾರದ ಬಾಕಿ ತರಬೇಕು.